ಓದು ತಲೆಗೆ ಹತ್ತದ ಮಕ್ಕಳು

ಮಗುವಿಗೆ ಎಂಟು ವರ್ಷ ತುಂಬಿಯೂ ಪಾಠದ ಸಾಲನ್ನು ಕೂಡಿಸಿ ಓದಲು ಬಾರದಿದ್ದರೆ ನಮ್ಮ ಮನೆಗಳಲ್ಲಿ ಮೊದಲು ಹೊರಡುವುದು ‘ದಡ್ಡ’ ಎಂಬ ಮಾತು, ಬಳಿಕ ಬೆತ್ತ, ಕಡೆಗೆ ದೇವರ ಹರಕೆ. ಇವಾವುವೂ ಫಲಿಸದಾದಾಗ ಹುಡುಗನನ್ನು ಶಾಲೆ ಬಿಡಿಸಿ ಬಾಳೆಯ ತೋಟಕ್ಕೋ ಕಬ್ಬಿನ ಗದ್ದೆಗೋ ಹಚ್ಚುವುದು ಬುಕ್ಕಸಾಗರದಿಂದ ಕಂಪ್ಲಿಯವರೆಗಿನ ಹೊಳೆದಂಡೆಯ ಊರುಗಳಲ್ಲಿ ಅಪೂರ್ವವೇನೂ ಅಲ್ಲ. ಇವೆಲ್ಲಕ್ಕೂ ಮುನ್ನ ಮಾಡತಕ್ಕ ಕೆಲಸವೊಂದುಂಟು. ಅದನ್ನು ಗೃಹಸ್ಥರಾದ ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ನಾನು ಅಧ್ಯಾಪಕನಾಗಿದ್ದಾಗ ಏಳನೆಯ ತರಗತಿಯ ಬಾಲಕನೊಬ್ಬನನ್ನು ಕಂಡಿದ್ದೆನು. ಬಾಳೆಗೊನೆಗಳ ತೂಕವನ್ನೂ ದರವನ್ನೂ ಹೇಳಿದರೆ ಬಾಯಲ್ಲಿಯೇ ಲೆಕ್ಕಹಾಕಿ ಮೊತ್ತವನ್ನು ಹೇಳುವನು. ಕೆಟ್ಟ ಪಂಪನ್ನು ಬಿಚ್ಚಿ ಜೋಡಿಸುವನು. ಒಮ್ಮೆ ಕೇಳಿದ ಕಥೆಯನ್ನು ಎಳೆ ತಪ್ಪದೆ ಮರಳಿ ನಿರೂಪಿಸುವನು. ಪುಸ್ತಕ ತೆರೆದೊಡನೆ ಮಾತ್ರ ಒತ್ತಕ್ಷರ ಬಂದೆಡೆಯಲ್ಲೆಲ್ಲ ಎಡವುವನು. ನಾಲ್ಕು ಸಾಲು ಬರೆಯಲು ಅರ್ಧ ಗಂಟೆ ಹಿಡಿಯುವುದು. ಇಂಥವನನ್ನು ಮೂಢನೆಂದು ಯಾರು ಹೇಳಬಲ್ಲರು? ಆದರೂ ಊರು ಹೇಳಿತು. ಅದಕ್ಕಿಂತ ಕೇಡೇನೆಂದರೆ, ಅವನೂ ಅದನ್ನು ನಂಬಿದನು.

ಇಂಗ್ಲೆಂಡಿನ ವೈದ್ಯ ಪ್ರಿಂಗಲ್ ಮಾರ್ಗನ್ ಎಂಬವರು 1896ರಲ್ಲಿ ಇಂಥದೇ ಹದಿನಾಲ್ಕು ವರ್ಷದ ಹುಡುಗನೊಬ್ಬನ ವೃತ್ತಾಂತವನ್ನು ವೈದ್ಯಪತ್ರಿಕೆಯಲ್ಲಿ ಪ್ರಕಟಿಸಿದರು. ಪಾಠವೆಲ್ಲವೂ ಬಾಯಿಮಾತಿನಲ್ಲೇ ನಡೆವುದಾದರೆ ಅವನೇ ಶಾಲೆಗೆಲ್ಲ ಚುರುಕಾದವನೆಂದು ಅವನ ಉಪಾಧ್ಯಾಯರ ಅಭಿಪ್ರಾಯವಾಗಿತ್ತು. ಈಗ ಡಿಸ್ಲೆಕ್ಸಿಯವೆಂದು ಕರೆವ ಸ್ಥಿತಿಯಿದು. ಬುದ್ಧಿಯು ಏಕಶಿಲೆಯಲ್ಲವೆಂಬುದು ನಮ್ಮವರಿಗೂ ಹೊಸತಲ್ಲ. ಚರಕಸಂಹಿತೆಯು ಧೀ, ಧೃತಿ, ಸ್ಮೃತಿ ಎಂದು ಮೂರನ್ನು ಬೇರೆ ಬೇರೆಯಾಗಿ ಎಣಿಸಿ, ಅವುಗಳಲ್ಲಿ ಒಂದೊಂದಕ್ಕೂ ಭ್ರಂಶವುಂಟಾಗಬಹುದೆಂದು ಹೇಳುತ್ತದೆ. ಯಾವ ಶಕ್ತಿ ಕುಂದಿದೆ, ಯಾವುದು ದೃಢವಾಗಿದೆ ಎಂಬುದನ್ನು ಅಳೆದು ತಿಳಿಯುವ ವಿಧಾನಕ್ಕೆ ಇಂದು ನರಮನೋವಿಜ್ಞಾನ ಪರೀಕ್ಷೆಯೆಂದು ಹೆಸರು.

ಕನ್ನಡ ಮಕ್ಕಳ ಮಟ್ಟಿಗೆ ಅಳತೆಯ ಕೆಲಸ ಬಹಳ ಹಿಂದೆಯೇ ಮೊದಲಾಯಿತು. ಪ್ಯಾರಿಸಿನಲ್ಲಿ ಬಿನೆ ಎಂಬ ಪಂಡಿತನು 1905ರಲ್ಲಿ ರಚಿಸಿದ ಬುದ್ಧಿಮಾಪನವನ್ನು ವಿ. ವಿ. ಕಾಮತರು ಕನ್ನಡ ಮತ್ತು ಮರಾಠಿ ಮಕ್ಕಳಿಗೆ ಹೊಂದುವಂತೆ ತಿದ್ದಿ 1934ರಲ್ಲಿ ಪ್ರಕಟಿಸಿದರು. ಬುದ್ಧಿಯ ಒಟ್ಟು ಮೊತ್ತವನ್ನು ಹೇಳುವುದಕ್ಕೆ ಅದು ಸಾಕು; ಕುಂದು ಎಲ್ಲಿದೆಯೆಂಬುದನ್ನು ತೋರಲು ಸಾಲದು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯವರು ಕಲಿಕೆಯ ತೊಡಕನ್ನು ಗುರುತಿಸುವ ಪರೀಕ್ಷಾಮಾಲೆಯೊಂದನ್ನೂ, 2004ರಲ್ಲಿ ಐದರಿಂದ ಹದಿನೈದು ವರ್ಷದ ಮಕ್ಕಳಿಗಾಗಿ ನರಮನೋವಿಜ್ಞಾನದ ಪ್ರತ್ಯೇಕ ಮಾಲೆಯನ್ನೂ ಸಿದ್ಧಪಡಿಸಿದರು.

ಪರೀಕ್ಷೆಯೆಂದೊಡನೆ ತಾಯಂದಿರು ಅಂಜಬೇಕಾಗಿಲ್ಲ. ಇದರಲ್ಲಿ ಸೂಜಿಯಿಲ್ಲ, ಔಷಧವಿಲ್ಲ. ಮೊದಲು ಕಣ್ಣು ಕಿವಿಗಳನ್ನು ನೋಡುವರು. ಕಿವಿ ಸೋರುವ ಮಗು ಪಾಠ ಕೇಳದೆ ಹಿಂದುಳಿದಿದ್ದರೆ ಅದರ ಚಿಕಿತ್ಸೆಯೇ ಬೇರೆ. ಹೆರಿಗೆ ಹೇಗಾಯಿತು, ಮಾತು ಎಂದು ಬಂತು, ಫಿಟ್ಸ್ ಬಂದಿತ್ತೇ ಎಂದು ತಾಯಿಯನ್ನು ಕೇಳುವರು. ಅನಂತರ ಮಗುವಿನೊಡನೆ ಕುಳಿತು ಆಟದಂತಹ ಕೆಲಸಗಳನ್ನು ಕೊಡುವರು: ಬಣ್ಣದ ಕಟ್ಟಿಗೆಯ ತುಂಡುಗಳಿಂದ ಚಿತ್ರವನ್ನು ಕೂಡಿಸುವುದು, ಕುರುಡುದಾರಿಗೆ ಹೋಗದಂತೆ ಚಕ್ರವ್ಯೂಹದಲ್ಲಿ ಪೆನ್ಸಿಲನ್ನು ನಡೆಸುವುದು, ಒಂದು ನಿಮಿಷದಲ್ಲಿ ನೆನಪಾದಷ್ಟು ಪ್ರಾಣಿಗಳ ಹೆಸರು ಹೇಳುವುದು. ಇವುಗಳಲ್ಲಿ ನನಗೆ ಬಹಳ ಹಿಡಿಸಿದ್ದು ಪದಗಳ ಪಟ್ಟಿ. ಹದಿನೈದು ಪದಗಳನ್ನು ಓದಿ ಹೇಳಿ, ನೆನಪಿದ್ದಷ್ಟನ್ನು ಹೇಳೆನ್ನುವರು. ಹೀಗೆ ಐದು ಸಲ. ಬೇರೆ ಕೆಲಸಗಳನ್ನು ಮಾಡಿಸಿ ಸ್ವಲ್ಪ ಹೊತ್ತಿನ ಮೇಲೆ ಪುನಃ ಕೇಳುವರು. ನಿಧಾನವಾಗಿ ಕಲಿತರೂ ಮರೆಯದ ಮಗುವೊಂದು, ಬೇಗನೆ ಕಲಿತು ಬೇಗನೆ ಕಳೆದುಕೊಳ್ಳುವ ಮಗುವೊಂದು. ವಾರ್ಷಿಕ ಪರೀಕ್ಷೆಯಲ್ಲಿ ಎರಡಕ್ಕೂ ಬರುವ ಅಂಕ ಒಂದೇ; ಕಲಿಸಬೇಕಾದ ಕ್ರಮ ಒಂದೇ ಅಲ್ಲ. ಈ ಭೇದವನ್ನು ಮೂವತ್ತು ವರ್ಷ ಪಾಠ ಹೇಳಿದವನ ಕಣ್ಣೂ ಸುಲಭವಾಗಿ ಕಾಣದು.

ಫಲಿತಾಂಶವನ್ನು ಅದೇ ವಯಸ್ಸಿನ ಇತರ ಮಕ್ಕಳ ಸಾಧನೆಯೊಡನೆ ಹೋಲಿಸಿ ಹೇಳುವರು. ಓದುಬರಹವೊಂದೇ ತೊಡಕಾದರೆ ಓದು, ಬರಹ, ಲೆಕ್ಕಗಳ ಪರೀಕ್ಷೆಯೇ ಬಹುಮಟ್ಟಿಗೆ ಸಾಕು. ಮೂರ್ಛೆರೋಗ, ತಲೆಯ ಪೆಟ್ಟು, ಮಿದುಳುಜ್ವರ ಕಂಡ ಮಕ್ಕಳಿಗೂ, ಚೆನ್ನಾಗಿ ಓದುತ್ತಿದ್ದು ನಡುವೆ ಕುಸಿದ ಹದಿಹರೆಯದವರಿಗೂ ಪೂರ್ಣ ಮಾಲೆಯು ಆವಶ್ಯಕ.

ಇಲ್ಲಿ ಎರಡು ಎಚ್ಚರಿಕೆಗಳು. ಇಂಗ್ಲಿಷಿಗೆ ಇಪ್ಪತ್ತಾರು ಅಕ್ಷರಗಳಾದರೆ ಕನ್ನಡದಲ್ಲಿ ಕಾಗುಣಿತ, ಒತ್ತುಗಳು ಸೇರಿ ಮಗು ಕಲಿಯಬೇಕಾದ ರೂಪಗಳು ನೂರಾರು. ಕನ್ನಡ ಮಕ್ಕಳ ಓದನ್ನು ಕುರಿತು ಸೋನಾಲಿ ನಾಗ್ ಎಂಬ ವಿದುಷಿಯು 2007ರಲ್ಲಿ ಪ್ರಕಟಿಸಿದ ಅಧ್ಯಯನದಂತೆ ಈ ಕಲಿಕೆ ನಾಲ್ಕನೆಯ ತರಗತಿಯವರೆಗೂ ಸಾಗುತ್ತಿರುವುದು. ಆದಕಾರಣ ಎರಡನೆಯ ತರಗತಿಯ ಮಗು ಒತ್ತಕ್ಷರಕ್ಕೆ ತಡವರಿಸಿತೆಂದು ರೋಗದ ಹೆಸರನ್ನಿಡಲಾಗದು. ಇನ್ನೊಂದು, ಮನೆಮಾತು. ಹೊಸಪೇಟೆ ಸಂಡೂರುಗಳ ಕಡೆ ಎಷ್ಟೋ ಮನೆಗಳಲ್ಲಿ ಲಂಬಾಣಿ, ತೆಲುಗು, ಉರ್ದು ಮಾತಾಡುವರು. ತಾಂಡಾದ ಮಗುವಿಗೆ ಗ್ರಂಥಸ್ಥ ಕನ್ನಡದಲ್ಲಿ ಪದಪಟ್ಟಿಯನ್ನೋದಿ ನೆನಪು ಕಡಿಮೆಯೆಂದರೆ ಅದು ಪರೀಕ್ಷಕರ ದೋಷ. ಕಬ್ಬು ಕಡಿಯಲು ಹೋದ ತಂದೆತಾಯಿಗಳ ಬೆನ್ನಿಗೆ ಹೋಗಿ ಶಾಲೆ ತಪ್ಪಿಸಿಕೊಂಡ ಮಗುವಿನ ಕೊರತೆಯೂ ಮಿದುಳಿನದಲ್ಲ. ಇವೆಲ್ಲವನ್ನೂ ಕೇಳದೆಯೇ ಪರೀಕ್ಷಕರು ಕೆಲಸಕ್ಕೆ ತೊಡಗಿದರೆ ಹೆತ್ತವರು ತಾವಾಗಿಯೇ ಹೇಳಬೇಕು.

ನಮ್ಮ ಸೀಮೆಗೆ ಈ ವಿಷಯದಲ್ಲಿ ಒಂದು ಹಿರಿಮೆಯುಂಟು. ಹೊಸಪೇಟೆಯು ಬಳ್ಳಾರಿ ಜಿಲ್ಲೆಯಲ್ಲಿದ್ದಾಗ, 1985ರಲ್ಲಿ, ನಿಮ್ಹಾನ್ಸಿನವರು ಈ ಜಿಲ್ಲೆಯ ಪ್ರಾಥಮಿಕ ಆರೋಗ್ಯಕೇಂದ್ರಗಳ ವೈದ್ಯರಿಗೇ ಮನೋವೈದ್ಯದ ಶಿಕ್ಷಣವನ್ನು ಕೊಟ್ಟು ಪ್ರಯೋಗ ನಡೆಸಿದರು. ಅದನ್ನೇ ಮಾದರಿಯಾಗಿಟ್ಟು 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಹೊರಟಿತು. ಆದರೆ ಮಕ್ಕಳ ಸೂಕ್ಷ್ಮ ಪರೀಕ್ಷೆಗಾಗಿ ಇಂದಿಗೂ ಅನೇಕರು ಒಂದು ರಾತ್ರಿಯ ರೈಲು ಹಿಡಿದು ಬೆಂಗಳೂರಿಗೋ, 1965ರಲ್ಲಿ ಸ್ಥಾಪಿತವಾದ ಮೈಸೂರಿನ ವಾಕ್ ಶ್ರವಣ ಸಂಸ್ಥೆಗೋ ಹೋಗಬೇಕಾಗಿರುವುದು ಸಂಕಟದ ಮಾತು. ಎರಡು ದಿನದ ಕೂಲಿ ಕಳೆದು ಹೋಗಬಲ್ಲವರೆಷ್ಟು ಮಂದಿ? ಹೊರಡುವ ಮೊದಲು ಶಾಲೆಗೆ ಬರುವ ಆರೋಗ್ಯ ತಂಡದವರನ್ನು ಕೇಳಿರಿ. 2013ರಿಂದ ನಡೆದಿರುವ ಬಾಲಸ್ವಾಸ್ಥ್ಯ ಕಾರ್ಯಕ್ರಮದ ಪಟ್ಟಿಯಲ್ಲಿ ಕಲಿಕೆಯ ತೊಡಕೂ ಸೇರಿದೆ.

2016ರ ವಿಕಲಚೇತನರ ಹಕ್ಕುಗಳ ಶಾಸನವು ಈ ತೊಡಕನ್ನು ಅಂಗೀಕರಿಸಿದೆ. ಪ್ರಮಾಣಪತ್ರವನ್ನು ಎಂಟು ವರ್ಷದ ಮೇಲೆ ಕೊಟ್ಟು, ಹದಿನಾಲ್ಕರಲ್ಲಿಯೂ ಹದಿನೆಂಟರಲ್ಲಿಯೂ ಪುನಃ ಪರೀಕ್ಷಿಸಬೇಕೆಂದು 2018ರ ನಿಯಮಗಳು ವಿಧಿಸಿದವು. ಅದಿದ್ದವರು ಪರೀಕ್ಷೆಗಳಲ್ಲಿ ಹೆಚ್ಚಿನ ಕಾಲವನ್ನೂ ಲಿಪಿಕಾರನ ನೆರವನ್ನೂ ಕೇಳಬಹುದು.

ಹೋಗುವಾಗ ಮಗುವಿನ ಹಳೆಯ ನೋಟುಪುಸ್ತಕಗಳನ್ನೂ ಅಂಕಪಟ್ಟಿಗಳನ್ನೂ, ಕನ್ನಡಕವಿದ್ದರೆ ಅದನ್ನೂ ಮರೆಯದಿರಿ. ರೈಲಿಳಿದವನನ್ನು ನಿದ್ದೆಗಣ್ಣಿನಲ್ಲಿ ಕೂರಿಸದೆ ಉಣಿಸಿ ಮಲಗಿಸಿ ಮರುದಿನ ಕರೆದೊಯ್ಯುವುದು ಮೇಲು. ಇದರಲ್ಲಿ ಪಾಸು ನಪಾಸುಗಳಿಲ್ಲವೆಂದು ಅವನಿಗೆ ಮೊದಲೇ ಹೇಳಿರಿ. ವರದಿಯು ಇಂಗ್ಲಿಷಿನಲ್ಲಿದ್ದರೆ ಕನ್ನಡದಲ್ಲಿ ಬಿಡಿಸಿ ಹೇಳುವವರೆಗೆ ಅಲ್ಲಿಂದ ಏಳಬೇಡಿರಿ. ಅಂಕಿಗಳಿಗಿಂತ, ನಾಳೆಯಿಂದ ಮನೆಯಲ್ಲಿ ಏನು ಮಾಡಬೇಕು, ಶಾಲೆಯಲ್ಲಿ ಏನನ್ನು ಬಿಡಬೇಕು ಎಂಬುದನ್ನು ಬರೆಸಿಕೊಳ್ಳಿರಿ. ಅದರದೊಂದು ಪ್ರತಿ ತರಗತಿಯ ಉಪಾಧ್ಯಾಯರ ಕೈಸೇರಲಿ.