ಹಳೆಯ ಆಟ, ಹೊಸ ರೂಪ: ಗ್ರಾಹಕನಿಗೆ ತಿಳಿಸುವುದೆಂದು?

ಪಠ್ಯಪುಸ್ತಕವೊಂದನ್ನು ಕೊಂಡ ಮರುವಾರವೇ ಅದರ ಪರಿಷ್ಕೃತ ಮುದ್ರಣವು ಅಂಗಡಿಗೆ ಬಂದಿತೆನ್ನಿ. ಕೊಂಡ ವಿದ್ಯಾರ್ಥಿಗೆ ವ್ಯಥೆಯಾಗದೆ? ಪ್ರಕಾಶಕರು ಈ ಸಂಗತಿಯನ್ನು ಬೇಕೆಂದೇ ಮುಚ್ಚಿಟ್ಟಿದ್ದರೆಂದು ತಿಳಿದರೆ ವ್ಯಥೆಯೊಡನೆ ಕೋಪವೂ ಬರುವುದು. ವಿಡಿಯೊ ಆಟಗಳ ಉದ್ಯಮದಲ್ಲಿಯೂ ಇದೇ ಪ್ರಶ್ನೆ ಎದ್ದಿದೆ: ಹಳೆಯ ಆಟವನ್ನು ಸುಧಾರಿಸಿ ಮತ್ತೆ ಹೊರತರುತ್ತಿರುವ ಸಂಸ್ಥೆಯು ಅದನ್ನು ಗ್ರಾಹಕರಿಗೆ ಮುಂಚಿತವಾಗಿ ತಿಳಿಸಬೇಕೆ?

ಸುಧಾರಣೆಯೆಂದರೇನೆಂಬುದನ್ನು ಮೊದಲು ನೋಡೋಣ. ‘ದಿ ಲಾಸ್ಟ್ ಆಫ್ ಅಸ್’ ಎಂಬ ಆಟವು ೨೦೧೩ರ ಜೂನ್ ತಿಂಗಳಲ್ಲಿ ಸೋನಿ ಸಂಸ್ಥೆಯ ಪ್ಲೇಸ್ಟೇಷನ್ ೩ ಯಂತ್ರಕ್ಕಾಗಿ ಹೊರಬಂದಿತು. ತೆರೆಯ ಮೇಲಣ ಚಿತ್ರವು ಪಿಕ್ಸೆಲ್ ಎಂಬ ಸಣ್ಣ ಬಿಂದುಗಳಿಂದಾದುದು. ಆ ಯಂತ್ರವು ಪ್ರತಿ ಚಿತ್ರವನ್ನೂ ೧೨೮೦ × ೭೨೦, ಅಂದರೆ ೯,೨೧,೬೦೦ ಬಿಂದುಗಳಲ್ಲಿ ರಚಿಸಿ, ಸೆಕೆಂಡಿಗೆ ಸುಮಾರು ೩೦ ಚಿತ್ರಗಳನ್ನು ತೋರಿಸುತ್ತಿತ್ತು. ಪ್ಲೇಸ್ಟೇಷನ್ ೪ಕ್ಕಾಗಿ ೨೦೧೪ರ ಜುಲೈ ತಿಂಗಳಲ್ಲಿ ಬಂದ ಹೊಸ ರೂಪದಲ್ಲಿ ಬಿಂದುಗಳು ೧೯೨೦ × ೧೦೮೦, ಅಂದರೆ ೨೦,೭೩,೬೦೦. ಗುರಿ ಸೆಕೆಂಡಿಗೆ ೬೦ ಚಿತ್ರ. ಹೀಗೆ ಒಂದು ಸೆಕೆಂಡಿನಲ್ಲಿ ರಚಿಸಬೇಕಾದ ಬಿಂದುಗಳು ನಾಲ್ಕೂವರೆ ಪಟ್ಟಾದುವು. ಕಥೆ ಅದೇ, ನೋಟದ ನಯ ಬೇರೆ. ಎರಡು ಯಂತ್ರಗಳ ಪ್ರೊಸೆಸರ್‌ಗಳ ರಚನೆಯೇ ಭಿನ್ನವಾದುದರಿಂದ ಹಳೆಯ ಡಿಸ್ಕು ಹೊಸ ಯಂತ್ರದಲ್ಲಿ ನಡೆಯದು. ಅಧಿಕೃತ ಪ್ರಕಟಣೆ ಬಂದುದು ೨೦೧೪ರ ಏಪ್ರಿಲ್‌ನಲ್ಲಿ. ಅದಕ್ಕೆ ಒಂದು ವಾರ ಮುಂಚೆ ಹಳೆಯದನ್ನು ಕೊಂಡವನು ಹೊಸದು ಬೇಕೆಂದರೆ ಮತ್ತೊಮ್ಮೆ ಹಣ ತೆರಬೇಕಾಯಿತು.

ಸಂಸ್ಥೆಗಳ ಅಂಜಿಕೆಗೂ ಕಾರಣವುಂಟು. ಅಮೆರಿಕದ ಓಸ್ಬರ್ನ್ ಸಂಸ್ಥೆಯು ೧೯೮೧ರಲ್ಲಿ, ಕೈಯಲ್ಲಿ ಹೊತ್ತೊಯ್ಯಬಹುದಾದ ಕಂಪ್ಯೂಟರನ್ನು ಮಾರಿ ಹೆಸರಾಯಿತು. ಅದಕ್ಕಿಂತ ಉತ್ತಮವಾದ ಯಂತ್ರ ಬರಲಿದೆಯೆಂಬ ಸುದ್ದಿ ೧೯೮೩ರಲ್ಲಿ ಹರಡಿದೊಡನೆ ಜನರು ಹಳೆಯದನ್ನು ಕೊಳ್ಳುವುದನ್ನು ಬಿಟ್ಟರೆಂದು ಹೇಳುತ್ತಾರೆ. ಆ ವರ್ಷದ ಸೆಪ್ಟೆಂಬರಿನಲ್ಲಿ ಸಂಸ್ಥೆ ದಿವಾಳಿಯೆದ್ದಿತು. ಎದುರಾಳಿಗಳ ಪೈಪೋಟಿಯೂ ಈ ಪತನಕ್ಕೆ ಕಾರಣವೆಂಬುದನ್ನು ಮರೆಯಬಾರದು. ಆದರೂ ‘ಓಸ್ಬರ್ನ್ ಪರಿಣಾಮ’ ಎಂಬ ಮಾತು ವ್ಯಾಪಾರ ಪ್ರಪಂಚದಲ್ಲಿ ನೆಲೆಯೂರಿದೆ. ಪ್ರಕಟಣೆಯನ್ನು ತಡೆಹಿಡಿಯುವ ಪದ್ಧತಿಯ ತುತ್ತತುದಿಯನ್ನು ‘ಒಬ್ಲಿವಿಯನ್’ ಆಟದಲ್ಲಿ ಕಾಣಬಹುದು. ೨೦೦೬ರ ಈ ಆಟದ ಹೊಸ ರೂಪದ ಪ್ರಕಟಣೆ, ಮಾರಾಟ ಎರಡೂ ೨೦೨೫ರ ಏಪ್ರಿಲ್ ೨೨ರಂದೇ ನಡೆದುವು.

ಹಾಗಾದರೆ ಒಬ್ಬರ ಲಾಭ ಇನ್ನೊಬ್ಬರ ನಷ್ಟವಾಗಲೇಬೇಕೆ? ಹಾಗೇನೂ ಇಲ್ಲ. ಪೋಲೆಂಡಿನ ಸಿಡಿ ಪ್ರಾಜೆಕ್ಟ್ ಸಂಸ್ಥೆಯು ‘ದಿ ವಿಚರ್ ೩’ ಎಂಬ ತನ್ನ ೨೦೧೫ರ ಆಟಕ್ಕೆ ಹೊಸ ಯಂತ್ರಗಳಿಗೊಪ್ಪುವ ಸುಧಾರಣೆಯನ್ನು ೨೦೨೦ರ ಸೆಪ್ಟೆಂಬರಿನಲ್ಲಿಯೇ ಘೋಷಿಸಿತು. ಕೆಲಸ ತಡವಾಗಿ, ಅದು ಕೈಸೇರಿದುದು ೨೦೨೨ರ ಡಿಸೆಂಬರ್ ೧೪ರಂದು. ಆದರೆ ಹಳೆಯ ಆಟವುಳ್ಳವರಿಗೆ ಅದು ಉಚಿತವೆಂದು ಮೊದಲೇ ಸಾರಿದ್ದರು. ಆದುದರಿಂದ ಅಂದೇ ಕೊಂಡವನಿಗೆ ನಷ್ಟವಿಲ್ಲ. ಕೊಳ್ಳುವುದನ್ನು ಮುಂದೂಡಲು ಕಾರಣವೂ ಇಲ್ಲ.

ಇದರಿಂದ ವಿಷಯ ಸ್ಪಷ್ಟವಾಗುತ್ತದೆ. ಹಳೆಯ ಗ್ರಾಹಕನಿಗೆ ಹೊಸ ರೂಪವು ಉಚಿತವಾಗಿಯೋ ಅಲ್ಪ ಬೆಲೆಗೋ ದೊರೆಯುವಲ್ಲಿ ಪ್ರಕಟಣೆಯ ದಿನ ಯಾವುದಾದರೂ ಬಾಧಕವಿಲ್ಲ. ಪೂರ್ಣ ಬೆಲೆಯನ್ನು ಮತ್ತೆ ಕೇಳುವ ಸಂಸ್ಥೆಯು ಮಾತ್ರ, ಬಿಡುಗಡೆಯ ದಿನ ನಿಶ್ಚಯವಾದೊಡನೆ ಅದನ್ನು ತಿಳಿಸತಕ್ಕದ್ದು. ಮೌನದಿಂದ ಹಳೆಯ ದಾಸ್ತಾನು ಖರ್ಚಾದೀತು. ಆದರೆ ಅದರ ಬೆಲೆಯನ್ನು ತೆರುವವನು ಏನನ್ನೂ ಅರಿಯದ ಗ್ರಾಹಕ.