ಬಹುಕಾಲ ನಿಲ್ಲಿಸಿದ ಹಳೆಯ ಕಾರುಗಳ ತುಕ್ಕು ಮತ್ತು ನೋಂದಣಿ ನವೀಕರಣ: ಸಾರ್ವಜನಿಕರಿಗೆ ಮಾಹಿತಿ

ಜಮಖಂಡಿ, ಮುಧೋಳ, ಬೀಳಗಿ ಹಾಗೂ ರಬಕವಿ-ಬನಹಟ್ಟಿ ತಾಲ್ಲೂಕುಗಳು ಕೆಎ-48 ಸಂಕೇತದ ಜಮಖಂಡಿ ಸಹಾಯಕ ಪ್ರಾದೇಶಿಕ ಸಾರಿಗೆ ಅಧಿಕಾರಿಗಳ ಕಚೇರಿಯ ವ್ಯಾಪ್ತಿಗೆ ಒಳಪಡುತ್ತವೆ. ಮೋಟಾರು ವಾಹನಗಳ ಅಧಿನಿಯಮ, 1988ರ ಪ್ರಕರಣ 41ರನ್ವಯ ಖಾಸಗಿ ಕಾರಿನ ನೋಂದಣಿಯು 15 ವರ್ಷಗಳವರೆಗೆ ಸಿಂಧುವಾಗಿರುತ್ತದೆ. ತದನಂತರ ವಾಹನವನ್ನು ತಪಾಸಣೆಗೆ ಒಳಪಡಿಸಿ 5 ವರ್ಷಗಳ ಅವಧಿಗೆ ನವೀಕರಿಸಿಕೊಳ್ಳಬೇಕಾಗುತ್ತದೆ. ಮನೆಯ ಹಿತ್ತಲಿನಲ್ಲಿ, ತೋಟದ ಶೆಡ್ಡಿನಲ್ಲಿ ಅಥವಾ ಗ್ಯಾರೇಜಿನ ಹಿಂಭಾಗದಲ್ಲಿ ವರ್ಷಗಟ್ಟಲೆ ನಿಂತ ಕಾರನ್ನು ಪುನಃ ರಸ್ತೆಗೆ ತರಲು ಬಯಸುವವರು ಮೊದಲು ಇಂಜಿನ್ ಚಾಲೂ ಆಗುತ್ತದೆಯೇ ಎಂದು ನೋಡುವುದು ವಾಡಿಕೆ. ಆದರೆ ಇಂತಹ ವಾಹನಗಳಲ್ಲಿ ಇಂಜಿನ್ ದುರಸ್ತಿ ಸಾಮಾನ್ಯವಾಗಿ ಸಾಧ್ಯ. ತಗಡಿನ ಒಳಗೆ ಹರಡಿದ ತುಕ್ಕು, ಅಂದರೆ ಈ ಭಾಗದ ಆಡುಮಾತಿನ ಜಂಗು, ವಾಹನದ ಭವಿಷ್ಯವನ್ನು ನಿರ್ಧರಿಸುತ್ತದೆ. ಆದುದರಿಂದ ಶುಲ್ಕ ಪಾವತಿಸುವ ಮೊದಲೇ ಸದರಿ ಭಾಗಗಳನ್ನು ಪರಿಶೀಲಿಸುವುದು ಮಾಲೀಕರ ಹಿತದೃಷ್ಟಿಯಿಂದ ಅವಶ್ಯಕ.

ಕಡಿಮೆ ಮಳೆಯ ಪ್ರದೇಶದಲ್ಲಿ ತುಕ್ಕು ಹಿಡಿಯಲು ಕಾರಣ

ಬಾಗಲಕೋಟೆ ಜಿಲ್ಲೆಯು ಕಡಿಮೆ ಮಳೆಯ ಪ್ರದೇಶವಾದ್ದರಿಂದ ಇಲ್ಲಿ ಕರಾವಳಿಯಂತೆ ಕಾರಿಗೆ ತುಕ್ಕು ಹಿಡಿಯುವುದಿಲ್ಲವೆಂಬ ನಂಬಿಕೆ ಸಾರ್ವಜನಿಕರಲ್ಲಿದೆ. ಇದು ಅರ್ಧ ಮಾತ್ರ ಸತ್ಯ. ಕಬ್ಬಿಣವು ನೀರು ಮತ್ತು ಗಾಳಿಯಲ್ಲಿನ ಆಮ್ಲಜನಕದೊಂದಿಗೆ ಸೇರಿದಾಗ ತುಕ್ಕು ಉಂಟಾಗುತ್ತದೆ. ನೀರಿನಲ್ಲಿ ಲವಣವಿದ್ದರೆ ಈ ಕ್ರಿಯೆ ತೀವ್ರಗೊಳ್ಳುತ್ತದೆ. ಎಷ್ಟು ಮಳೆ ಬಿದ್ದಿತು ಎಂಬುದಕ್ಕಿಂತ ತಗಡಿನ ಮೇಲೆ ತೇವ ಎಷ್ಟು ದಿನ ಉಳಿಯಿತು ಎಂಬುದು ಮುಖ್ಯ. ಓಡಾಡುವ ಕಾರು ಗಾಳಿಗೆ ಒಣಗುತ್ತದೆ. ನಿಂತ ಕಾರು ಒಣಗುವುದಿಲ್ಲ.

ಈ ನಾಲ್ಕು ತಾಲ್ಲೂಕುಗಳಲ್ಲಿ ತೇವ ಉಳಿಯಲು ಕಾರಣಗಳು ಹಲವು. ಎರೆ ಮಣ್ಣು ಮಳೆಗಾಲ ಕಳೆದ ನಂತರವೂ ತೇವವನ್ನು ಹಿಡಿದಿಟ್ಟುಕೊಳ್ಳುತ್ತದೆ. ಅದರ ಮೇಲೆ ನಿಲ್ಲಿಸಿದ ಕಾರಿನ ತಳಭಾಗಕ್ಕೆ ಕೆಳಗಿನಿಂದಲೇ ತಂಪು ತಾಗುತ್ತಿರುತ್ತದೆ. ಜಮಖಂಡಿ ಮತ್ತು ಮುಧೋಳ ಭಾಗದಲ್ಲಿ ಕಬ್ಬಿಗೆ ಅತಿಯಾಗಿ ನೀರುಣಿಸಿದ ಭೂಮಿ ಸವಳು-ಜವಳಾಗಿರುವುದು ರೈತರಿಗೆ ತಿಳಿದ ವಿಷಯ. ಅಂತಹ ಮಣ್ಣಿನ ಲವಣವು ಚಕ್ರದ ಮೇಲಿನ ಮಡ್‌ಗಾರ್ಡಿನ ಒಳಗೆ ಕೆಸರಾಗಿ ಅಂಟಿಕೊಂಡರೆ ತೊಳೆಯದ ಹೊರತು ಹೋಗುವುದಿಲ್ಲ. ಬೀಳಗಿ ತಾಲ್ಲೂಕಿನ ಆಲಮಟ್ಟಿ ಹಿನ್ನೀರಿನ ಅಂಚಿನಲ್ಲಿ ರಾತ್ರಿಯ ತೇವಾಂಶ ಹೆಚ್ಚು. ದನದ ಕೊಟ್ಟಿಗೆಯ ಪಕ್ಕದಲ್ಲಿ ಅಥವಾ ತಿಪ್ಪೆಯ ಸಮೀಪ ನಿಲ್ಲಿಸಿದ ವಾಹನಕ್ಕೆ ಗೊಬ್ಬರದ ಮತ್ತು ಮೂತ್ರದ ಲವಣಗಳೂ ಸೇರುತ್ತವೆ. ಕಾರಿನ ಕೆಳಗೆ ಕಬ್ಬಿನ ರವದಿ ಹಾಸುವುದು ಅಥವಾ ಮೇಲೆ ಪ್ಲಾಸ್ಟಿಕ್ ತಾಡಪತ್ರಿಯನ್ನು ನೆಲದವರೆಗೆ ಬಿಗಿಯಾಗಿ ಕಟ್ಟುವುದು ಒಳ್ಳೆಯ ಉದ್ದೇಶದಿಂದ ಮಾಡುವ ಕೆಲಸವಾದರೂ, ಚಳಿಗಾಲದ ರಾತ್ರಿ ಒಳಗೇ ಇಬ್ಬನಿ ಕಟ್ಟಿ ಬೆಳಗಿನವರೆಗೆ ತಗಡು ನೆನೆಯುವಂತೆ ಮಾಡುತ್ತದೆ. ಹೊದಿಕೆ ಹಾಕುವುದಾದರೆ ಬಟ್ಟೆಯ ಹೊದಿಕೆ, ಅದೂ ಕೆಳಗೆ ಗಾಳಿಯಾಡುವಂತೆ ಇರುವುದು ಸೂಕ್ತ.

2019ರ ಆಗಸ್ಟ್ ತಿಂಗಳ ಕೃಷ್ಣಾ ಮತ್ತು ಘಟಪ್ರಭಾ ಪ್ರವಾಹದಲ್ಲಿ ಮುಳುಗಿದ ವಾಹನಗಳ ವಿಷಯ ಪ್ರತ್ಯೇಕವಾದುದು. ನದಿಯ ನೀರು ಇಳಿದು ಹೋದರೂ ಅದು ಹೊತ್ತು ತಂದ ನುಣುಪಾದ ರೇವೆ ಮಣ್ಣು ಬಾಗಿಲುಗಳ ಒಳಗೆ ಮತ್ತು ಬಾಗಿಲ ಕೆಳಗಿನ ಪಟ್ಟಿಯ ಪೊಳ್ಳಿನಲ್ಲಿ ಕೂತುಬಿಡುತ್ತದೆ. ಹೊರಗೆ ತೊಳೆದು ಪಾಲಿಶ್ ಮಾಡಿದ ಕಾರಿನಲ್ಲಿಯೂ ಈ ಮಣ್ಣು ಪ್ರತಿ ಮಳೆಗಾಲದಲ್ಲಿ ತೇವ ಹೀರಿಕೊಂಡು ಒಳಗಿನಿಂದ ತಗಡನ್ನು ತಿನ್ನುತ್ತದೆ. ಪ್ರವಾಹದ ನಂತರ ಕೈಬದಲಾದ ಹಳೆಯ ಕಾರನ್ನು ಖರೀದಿಸುವವರು ಸೀಟಿನ ಹಳಿಗಳು, ಸೀಟ್ ಬೆಲ್ಟಿನ ಬುಡ ಮತ್ತು ಡ್ಯಾಶ್‌ಬೋರ್ಡಿನ ಹಿಂಭಾಗದಲ್ಲಿ ಮಣ್ಣಿನ ಗೆರೆ ಇದೆಯೇ ಎಂದು ನೋಡತಕ್ಕದ್ದು.

ತಪಾಸಣೆಗೆ ಮೊದಲು ನೋಡಬೇಕಾದ ಭಾಗಗಳು

ಬಣ್ಣದ ಮೇಲೆ ಕಾಣುವ ಗುಳ್ಳೆಯು ತುಕ್ಕಿನ ಆರಂಭವಲ್ಲ. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಹಲವು ಪಟ್ಟು ಹೆಚ್ಚು ಜಾಗ ಆಕ್ರಮಿಸುವುದರಿಂದ ಒಳಗಿನ ಭಾಗ ಬಹುಪಾಲು ಹಾಳಾದ ನಂತರವೇ ಬಣ್ಣ ಉಬ್ಬುತ್ತದೆ. ಕಾರಿನ ಒಳಗಿನ ಚಾಪೆಯನ್ನು ಎತ್ತಿ ನೆಲದ ತಗಡನ್ನು ಸ್ಕ್ರೂಡ್ರೈವರಿನ ಹಿಡಿಯಿಂದ ತಟ್ಟಿದಾಗ ಗಟ್ಟಿ ಸದ್ದಿನ ಬದಲು ಮಂದ ಸದ್ದು ಬಂದಲ್ಲಿ ಅಥವಾ ಪದರು ಪದರಾಗಿ ಉದುರಿದಲ್ಲಿ ಆ ಭಾಗಕ್ಕೆ ಬಲವಿಲ್ಲವೆಂದು ತಿಳಿಯಬೇಕು. ಜೀಪಿನಂತಹ ವಾಹನಗಳಿಗೆ ಪ್ರತ್ಯೇಕ ಚಾಸಿಸ್ ಇರುತ್ತದೆ. ಮಾರುತಿ 800ರಂತಹ ಕಾರುಗಳಿಗೆ ಅದು ಇಲ್ಲ; ನೆಲದ ತಗಡು, ಬಾಗಿಲ ಕೆಳಗಿನ ಪಟ್ಟಿ ಹಾಗೂ ಸಸ್ಪೆನ್ಶನ್ ಕೂಡುವ ಜಾಗಗಳೇ ಭಾರ ಹೊರುತ್ತವೆ. ಆದುದರಿಂದ ಇವುಗಳಲ್ಲಿನ ತೂತನ್ನು ಕೇವಲ ಅಂದದ ದೋಷವೆಂದು ಭಾವಿಸಬಾರದು. ಇಂತಹ ತೂತುಗಳಿಗೆ ಪುಟ್ಟಿ ತುಂಬಿ ಬಣ್ಣ ಬಳಿಸುವುದು ಹಣ ವ್ಯರ್ಥ ಮಾಡುವ ಕ್ರಮ. ಕೊಳೆತ ತಗಡನ್ನು ಕತ್ತರಿಸಿ ಹೊಸ ತಗಡು ಬೆಸೆಯುವುದೊಂದೇ ದುರಸ್ತಿ.

ಬ್ರೇಕ್ ಕೊಳವೆಗಳು ಇನ್ನೂ ಅಪಾಯಕಾರಿ. ತುಕ್ಕಿನಿಂದ ತೆಳುವಾದ ಉಕ್ಕಿನ ಕೊಳವೆಯು ಹಿತ್ತಲಿನಲ್ಲಿ ನಿಧಾನವಾಗಿ ಪೆಡಲ್ ಒತ್ತಿದಾಗ ತಡೆದು, ರಸ್ತೆಯಲ್ಲಿ ಮೊದಲ ಬಾರಿ ಜೋರಾಗಿ ಒತ್ತಿದಾಗ ಒಡೆಯಬಹುದು. ಪೆಟ್ರೋಲ್ ಟ್ಯಾಂಕ್ ಒಳಗಿನಿಂದಲೂ ತುಕ್ಕು ಹಿಡಿಯುತ್ತದೆ. ಎಥನಾಲ್ ಬೆರೆತ ಪೆಟ್ರೋಲ್ ತೇವಾಂಶವನ್ನು ಹೀರುವುದರಿಂದ ಟ್ಯಾಂಕಿನಲ್ಲಿ ಬಹುಕಾಲ ಉಳಿದ ಪೆಟ್ರೋಲನ್ನು ತೆಗೆದುಹಾಕದೆ ಇಂಜಿನ್ ಚಾಲೂ ಮಾಡಬಾರದು. ಈ ಕಾರಣಗಳಿಂದ, ಹಾಗೂ ನೋಂದಣಿ ಮತ್ತು ವಿಮೆ ಚಾಲ್ತಿಯಲ್ಲಿಲ್ಲದ ವಾಹನವನ್ನು ಸಾರ್ವಜನಿಕ ರಸ್ತೆಯಲ್ಲಿ ಚಲಾಯಿಸುವುದು ಅಪರಾಧವಾದ್ದರಿಂದ, ಅಂತಹ ಕಾರನ್ನು ಗ್ಯಾರೇಜಿಗೆ ಬೇರೆ ವಾಹನದ ಮೇಲೆ ಹೇರಿಕೊಂಡು ಒಯ್ಯುವುದು ಉಚಿತ.

ಚಾಸಿಸ್ ಸಂಖ್ಯೆ

ನವೀಕರಣದ ಸಮಯದಲ್ಲಿ ಮೋಟಾರು ವಾಹನ ನಿರೀಕ್ಷಕರು ಲೋಹದ ಮೇಲೆ ಕೊರೆದಿರುವ ಚಾಸಿಸ್ ಸಂಖ್ಯೆಯನ್ನು ದಾಖಲೆಯೊಂದಿಗೆ ತಾಳೆ ನೋಡುತ್ತಾರೆ. ತುಕ್ಕಿನಿಂದ ಅಂಕಿಗಳು ಮಸುಕಾಗಿದ್ದಲ್ಲಿ ಅವುಗಳನ್ನು ಸ್ಪಷ್ಟಗೊಳಿಸುವ ಸಲುವಾಗಿ ಅರದಿಂದ ಅಥವಾ ಗ್ರೈಂಡರಿನಿಂದ ಉಜ್ಜಿಸುವುದು, ಅದಕ್ಕಿಂತ ಮಿಗಿಲಾಗಿ ಗ್ಯಾರೇಜಿನಲ್ಲಿಯೇ ಹೊಸದಾಗಿ ಅಂಕಿ ಕೊರೆಸುವುದು ಸರ್ವಥಾ ಸಲ್ಲದು. ಪ್ರಾಮಾಣಿಕ ಮಾಲೀಕರ ಕಾರು ಸಹ ಇದರಿಂದ ಕಳವಿನ ವಾಹನವೆಂಬ ಸಂಶಯಕ್ಕೆ ಗುರಿಯಾಗುತ್ತದೆ. ಸೀಮೆಎಣ್ಣೆ ಅಥವಾ ಡೀಸೆಲ್ ಹಚ್ಚಿ ಮೃದುವಾದ ಬಟ್ಟೆಯಿಂದ ಒರೆಸಿ, ಆಗಲೂ ಓದಲಾಗದಿದ್ದಲ್ಲಿ ಇದ್ದ ಸ್ಥಿತಿಯಲ್ಲಿಯೇ ನೋಂದಣಿ ಪ್ರಾಧಿಕಾರದ ಗಮನಕ್ಕೆ ಲಿಖಿತವಾಗಿ ತರಬೇಕು.

ವೆಚ್ಚದ ಲೆಕ್ಕ

ಕೇಂದ್ರ ಸರ್ಕಾರವು 2021ರ ಅಕ್ಟೋಬರಿನಲ್ಲಿ ಹೊರಡಿಸಿದ ಅಧಿಸೂಚನೆಯನ್ವಯ ದಿನಾಂಕ 1-4-2022ರಿಂದ 15 ವರ್ಷ ಮೀರಿದ ಕಾರಿನ ನವೀಕರಣ ಶುಲ್ಕ ರೂ. 5,000 ಆಯಿತು. 20 ವರ್ಷ ಮೀರಿದ ಕಾರುಗಳಿಗೆ 2025ರ ಆಗಸ್ಟ್ ಅಧಿಸೂಚನೆಯು ರೂ. 10,000 ನಿಗದಿಪಡಿಸಿದೆ. 2021ರ ಅಧಿಸೂಚನೆಯು ಅವಧಿ ಮುಗಿದ ನಂತರದ ವಿಳಂಬಕ್ಕೆ ಕಾರುಗಳಿಗೆ ಪ್ರತಿ ತಿಂಗಳಿಗೆ ರೂ. 500ರಂತೆ ಹೆಚ್ಚುವರಿ ಶುಲ್ಕವನ್ನೂ ವಿಧಿಸಿದೆ. ಉದಾಹರಣೆಗೆ, 17 ವರ್ಷದ ಕಾರಿನ ನವೀಕರಣವು 24 ತಿಂಗಳು ತಡವಾಗಿದ್ದಲ್ಲಿ ವಿಳಂಬದ ಬಾಬ್ತೇ ರೂ. 12,000, ಶುಲ್ಕ ಸೇರಿ ರೂ. 17,000 ಆಗುತ್ತದೆ. ಹಸಿರು ತೆರಿಗೆ, ವಿಮೆ, ತಗಡಿನ ಕೆಲಸ, ಟಯರು ಮತ್ತು ಬ್ಯಾಟರಿ ಇದರ ಮೇಲೆ. ಈ ಒಟ್ಟು ಮೊತ್ತವನ್ನು ಅದೇ ಮಾದರಿಯ ಸುಸ್ಥಿತಿಯಲ್ಲಿರುವ ಕಾರಿನ ಮಾರುಕಟ್ಟೆ ಬೆಲೆಯೊಂದಿಗೆ ಹೋಲಿಸಿ ತೀರ್ಮಾನಿಸುವುದು ಒಳಿತು. ತಂದೆಯವರು ಕೊಂಡ ಮೊದಲ ಕಾರು ಎಂಬಂತಹ ಕಾರಣಗಳಿಗೆ ಲೆಕ್ಕದಲ್ಲಿ ಅಂಕಣವಿಲ್ಲ. ಅದು ಆಯಾ ಕುಟುಂಬದ ವಿವೇಚನೆ. 50 ವರ್ಷ ಮೀರಿದ, ಮೂಲ ಸ್ವರೂಪದಲ್ಲಿರುವ ವಾಹನಗಳಿಗೆ ಮಾತ್ರ 2021ರ ಜುಲೈ ನಿಯಮಗಳಡಿ ವಿಂಟೇಜ್ ನೋಂದಣಿಗೆ ಅವಕಾಶವಿದ್ದು, ಅವುಗಳನ್ನು ದಿನನಿತ್ಯದ ಸಂಚಾರಕ್ಕೆ ಬಳಸುವಂತಿಲ್ಲ.

ನೋಂದಣಿ ರದ್ದುಪಡಿಸದೆ ಗುಜರಿಗೆ ಮಾರುವುದು

ದುರಸ್ತಿಗೆ ಮೀರಿದ ಕಾರನ್ನು ತೂಕದ ಲೆಕ್ಕದಲ್ಲಿ ಗುಜರಿಯವರಿಗೆ ಕೊಟ್ಟು ನೋಂದಣಿ ಪತ್ರವನ್ನು ಕಪಾಟಿನಲ್ಲಿ ಇಟ್ಟುಕೊಳ್ಳುವ, ಅಥವಾ ಕಾರಿನೊಂದಿಗೇ ಕೊಟ್ಟುಬಿಡುವ ಪರಿಪಾಠವಿದೆ. ಮಾಲೀಕರು ಅತಿ ಹೆಚ್ಚು ತೊಂದರೆಗೆ ಸಿಲುಕುವುದು ಇಲ್ಲಿಯೇ. ಅಧಿನಿಯಮದ ಪ್ರಕರಣ 55ರನ್ವಯ ವಾಹನವು ನಾಶವಾದಲ್ಲಿ ಅಥವಾ ಶಾಶ್ವತವಾಗಿ ಬಳಕೆಗೆ ಅಯೋಗ್ಯವಾದಲ್ಲಿ 14 ದಿನಗಳೊಳಗೆ ಅಥವಾ ಸಾಧ್ಯವಾದಷ್ಟು ಬೇಗ ನೋಂದಣಿ ಪ್ರಾಧಿಕಾರಕ್ಕೆ ವರದಿ ಮಾಡಿ ನೋಂದಣಿ ಪತ್ರವನ್ನು ಒಪ್ಪಿಸಬೇಕು. ಹಾಗೆ ಮಾಡದಿದ್ದಲ್ಲಿ ದಾಖಲೆಯಲ್ಲಿ ಆ ವಾಹನ ಜೀವಂತವಾಗಿಯೇ ಇರುತ್ತದೆ. ಅದರ ಸಂಖ್ಯೆಯನ್ನು ಮತ್ತೊಂದು ವಾಹನಕ್ಕೆ ಹಾಕಿ ಓಡಿಸಿದಲ್ಲಿ ಪೊಲೀಸರ ವಿಚಾರಣೆ ಮೊದಲು ಬರುವುದು ದಾಖಲೆಯಲ್ಲಿರುವ ಮಾಲೀಕರ ಮನೆಗೆ. ಕೈಬದಲಾದರೂ ವರ್ಗಾವಣೆ ನೋಂದಾಯಿಸದ ವಾಹನದಿಂದ ಅಪಘಾತವಾದಾಗ ಪರಿಹಾರದ ಹೊಣೆ ದಾಖಲೆಯಲ್ಲಿ ಹೆಸರಿರುವ ಮಾಲೀಕರದೇ ಎಂದು ಸರ್ವೋಚ್ಚ ನ್ಯಾಯಾಲಯವು 2018ರ ಫೆಬ್ರವರಿಯ ತೀರ್ಪಿನಲ್ಲಿ ಸ್ಪಷ್ಟಪಡಿಸಿದೆ.

2021ರ ಸೆಪ್ಟೆಂಬರಿನಲ್ಲಿ ಪ್ರಕಟವಾದ ನಿಯಮಗಳಡಿ ನೋಂದಾಯಿತ ಗುಜರಿ ಕೇಂದ್ರಕ್ಕೆ ವಾಹನ ಒಪ್ಪಿಸಿದರೆ ಠೇವಣಿ ಪ್ರಮಾಣಪತ್ರ ದೊರೆಯುತ್ತದೆ. ಅದರ ಆಧಾರದ ಮೇಲೆ ಹೊಸ ವಾಹನದ ನೋಂದಣಿ ಶುಲ್ಕದಲ್ಲಿ ವಿನಾಯಿತಿ ಇದೆ. ಮೋಟಾರು ವಾಹನ ತೆರಿಗೆಯಲ್ಲಿ ಖಾಸಗಿ ವಾಹನಗಳಿಗೆ ಗರಿಷ್ಠ ಶೇ. 25ರವರೆಗೆ ರಿಯಾಯಿತಿ ನೀಡಲು ಕೇಂದ್ರ ನಿಯಮಗಳು ಅವಕಾಶ ಕಲ್ಪಿಸಿವೆ. ಸ್ಥಳೀಯ ಗುಜರಿ ಅಂಗಡಿಯ ಚೀಟಿಯು ಈ ಪ್ರಮಾಣಪತ್ರಕ್ಕೆ ಸಮನಲ್ಲ.

ರಬಕವಿ, ಬನಹಟ್ಟಿಯಂತಹ ನೇಕಾರರ ಊರುಗಳ ಇಕ್ಕಟ್ಟಾದ ಓಣಿಗಳಲ್ಲಿ ಮನೆಯ ಮುಂದೆಯೇ ಕಾರು ನಿಲ್ಲಿಸುವುದು ಅನಿವಾರ್ಯವೆನಿಸಬಹುದು. ಆದರೆ ಸಾರ್ವಜನಿಕ ಸ್ಥಳದಲ್ಲಿ 10 ಗಂಟೆ ಅಥವಾ ಅದಕ್ಕೂ ಮೀರಿ ವಾರಸುದಾರರಿಲ್ಲದಂತೆ ಬಿಟ್ಟ ವಾಹನವನ್ನು ತೆರವುಗೊಳಿಸಲು ಪ್ರಕರಣ 127 ಪೊಲೀಸರಿಗೆ ಅಧಿಕಾರ ನೀಡಿದೆ.

ದಾಖಲೆಗಳು

ನವೀಕರಣಕ್ಕೆ ನಮೂನೆ 25ರಲ್ಲಿ, ಅವಧಿ ಮುಗಿಯುವ 60 ದಿನಗಳ ಒಳಗಿನ ಅವಧಿಯಲ್ಲಿ ಅರ್ಜಿ ಸಲ್ಲಿಸಬಹುದು. ಮಾಲೀಕರು ಮೃತಪಟ್ಟಿದ್ದಲ್ಲಿ ವಾರಸುದಾರರು ಮೊದಲು ನಮೂನೆ 31ರಲ್ಲಿ ವರ್ಗಾವಣೆ ಮಾಡಿಸಿಕೊಳ್ಳಬೇಕು. ನಿಂತ ಕಾರುಗಳ ಹಲವು ಅರ್ಜಿಗಳು ತಡವಾಗುವುದು ತುಕ್ಕಿನಿಂದಲ್ಲ, ಇದರಿಂದ. ಈ ತಾಲ್ಲೂಕುಗಳು 1997ರ ಆಗಸ್ಟ್ 15ರಂದು ಬಾಗಲಕೋಟೆ ಜಿಲ್ಲೆ ರಚನೆಯಾಗುವವರೆಗೆ ಅಂದಿನ ಬಿಜಾಪುರ ಜಿಲ್ಲೆಯಲ್ಲಿದ್ದವು. ಆದುದರಿಂದ ಕೆಎ-28 ಸಂಖ್ಯೆಯ ಹಳೆಯ ಪುಸ್ತಕ ರೂಪದ ನೋಂದಣಿ ಪತ್ರ ಹೊಂದಿರುವವರು ತಮ್ಮ ವಾಹನದ ವಿವರ ವಾಹನ್ ಪೋರ್ಟಲಿನಲ್ಲಿ ಲಭ್ಯವಿದೆಯೇ ಎಂದು ಮೊದಲು ನೋಡಿ, ಇಲ್ಲದಿದ್ದಲ್ಲಿ ಮೂಲ ನೋಂದಣಿ ಕಚೇರಿಯನ್ನು ಸಂಪರ್ಕಿಸಬೇಕು. ಹಿನ್ನೀರಿನಿಂದಾಗಿ ಪುನರ್ವಸತಿ ಕೇಂದ್ರಗಳಿಗೆ ಸ್ಥಳಾಂತರಗೊಂಡ ಬೀಳಗಿ ಭಾಗದ ಕುಟುಂಬಗಳ ನೋಂದಣಿ ಪತ್ರದಲ್ಲಿ ಮುಳುಗಡೆಯಾದ ಗ್ರಾಮದ ವಿಳಾಸವೇ ಉಳಿದಿದ್ದರೆ ಅದನ್ನೂ ಬದಲಾಯಿಸಿಕೊಳ್ಳುವುದು ಅವಶ್ಯ. ಪ್ರಕರಣ 49 ಇದಕ್ಕೆ ನೀಡಿರುವ ಕಾಲಾವಕಾಶ 30 ದಿನ.

ತಪಾಸಣೆಯಲ್ಲಿ ದೋಷ ಕಂಡುಬಂದು ನವೀಕರಣ ನಿರಾಕರಿಸಲ್ಪಟ್ಟಲ್ಲಿ ಪ್ರಕರಣ 45ರನ್ವಯ ಕಾರಣಗಳನ್ನೊಳಗೊಂಡ ಆದೇಶದ ಪ್ರತಿಯನ್ನು ಪಡೆಯುವುದು ಅರ್ಜಿದಾರರ ಹಕ್ಕು. ಸದರಿ ಕಾರಣಗಳನ್ನು ಗ್ಯಾರೇಜಿನವರಿಗೆ ತೋರಿಸಿ ಅಷ್ಟು ಭಾಗವನ್ನು ದುರಸ್ತಿ ಮಾಡಿಸಿ ಮರುತಪಾಸಣೆ ಕೋರಬಹುದು. ಆದೇಶವನ್ನು ಒಪ್ಪದವರು ಅದು ತಲುಪಿದ 30 ದಿನಗಳೊಳಗೆ ಪ್ರಕರಣ 57ರಡಿ ಮೇಲ್ಮನವಿ ಸಲ್ಲಿಸಬಹುದಾಗಿದೆ.