ಕೀಲುನೋವೂ ಅಡಿಗೆಮನೆಯ ಮದ್ದೂ

ಊರಿನಲ್ಲಿ ಯಾರಾದರೊಬ್ಬರು ಮೊಣಕಾಲು ಹಿಡಿದುಕೊಂಡು ಜಗಲಿಯ ಮೇಲೆ ಕುಳಿತರೆ ಸಾಕು, ಮದ್ದು ಹೇಳುವವರು ನಾಲ್ಕು ಜನ ಕೂಡಿಬಿಡುತ್ತಾರೆ. ಒಬ್ಬರು ಶುಂಠಿ ಕಷಾಯವೆಂದರೆ ಇನ್ನೊಬ್ಬರು ಮೆಂತ್ಯವೆನ್ನುತ್ತಾರೆ. ಮತ್ತೊಬ್ಬರು ಹುಣಿಸೆಹಣ್ಣನ್ನು ಬಿಡಿಸುತ್ತಾರೆ. ಬದನೆಕಾಯಿಯನ್ನು ಬಿಡಿಸುವವರಂತೂ ಎಲ್ಲ ಊರಿನಲ್ಲಿಯೂ ಇದ್ದಾರೆ. ನಾನು ವೈದ್ಯಶಾಸ್ತ್ರದ ವಿದ್ಯಾರ್ಥಿಯಲ್ಲ. ಇತಿಹಾಸ, ಅರ್ಥಶಾಸ್ತ್ರಗಳನ್ನು ಓದುವವನು. ಆದರೂ ಈ ವಿಷಯವನ್ನು ಕುರಿತು ಓದಬೇಕಾಗಿ ಬಂದುದು ನನ್ನ ಅಜ್ಜಿಯ ಕೈಬೆರಳುಗಳ ಕಾರಣದಿಂದ. ಓದಿದುದರಲ್ಲಿ ಕೆಲವನ್ನು ಸಹಪಾಠಿಗಳ ಮುಂದೆ ಇಡುತ್ತೇನೆ. ತಪ್ಪಿದ್ದರೆ ಬಲ್ಲವರು ತಿದ್ದಬೇಕು.

ನಮ್ಮದು ಪಾವಗಡ ತಾಲ್ಲೂಕಿನ ಒಂದು ಹಳ್ಳಿ. ಅಜ್ಜಿಗೆ ಅರವತ್ತು ದಾಟಿದ ಮೇಲೆ ಮುಂಜಾನೆ ಎದ್ದೊಡನೆ ಬೆರಳು ಮಡಿಸಲು ಬಾರದಾಯಿತು. ಹೊತ್ತು ಏರಿದ ಮೇಲೆ ತುಸು ಸಡಿಲವಾಗುತ್ತಿತ್ತು. ‘ವಯಸ್ಸಾಯಿತು ಕಣಪ್ಪ, ಕೀಲು ಸವೆಯದೆ ಇರ್ತದಾ’ ಎಂದು ಆಕೆಯೇ ತೀರ್ಮಾನ ಮಾಡಿಕೊಂಡು ಒಣಶುಂಠಿ, ಮೆಣಸು, ಜೀರಿಗೆಗಳನ್ನು ಜಜ್ಜಿ ನಾಲ್ಕು ಲೋಟ ನೀರಿಗೆ ಹಾಕಿ ಒಂದು ಲೋಟಕ್ಕೆ ಇಳಿಸಿ ಕುಡಿಯತೊಡಗಿದಳು. ನಾನೂ ಅದನ್ನು ಹೊಗಳಿದೆ. ಪತ್ರಿಕೆಗಳಲ್ಲಿ ಬಂದ ‘ಮನೆಮದ್ದು’ಗಳನ್ನು ಕತ್ತರಿಸಿ ತಂದು ಓದಿ ಹೇಳಿದವನೂ ನಾನೇ. ಈ ಹೊಗಳಿಕೆಯ ಬೆಲೆ ಏನಾಯಿತೆಂಬುದನ್ನು ಮುಂದೆ ಹೇಳುತ್ತೇನೆ.

ಮೊದಲು ತಿಳಿಯಬೇಕಾದ ಸಂಗತಿಯೆಂದರೆ ಕೀಲುನೋವೆಂಬುದು ಒಂದೇ ರೋಗವಲ್ಲ. ಎಲುಬುಗಳು ಸೇರುವಲ್ಲಿ ಮೆತ್ತೆಯಂತಿರುವ ಮೃದ್ವಸ್ಥಿಯು ಸವೆದು ಬರುವ ನೋವು ಒಂದು. ಅದು ಹೆಚ್ಚಾಗಿ ಮೊಣಕಾಲಿಗೆ ಬರುತ್ತದೆ, ನಡೆದಷ್ಟೂ ಹೆಚ್ಚುತ್ತದೆ, ಬೆಳಗಿನ ಬಿಗಿತ ಅರ್ಧ ಗಂಟೆಯೊಳಗೆ ಬಿಡುತ್ತದೆ. ಇನ್ನೊಂದು ರುಮಟಾಯ್ಡ್ ಎಂಬುದು. ಮೈಯನ್ನು ಕಾಯಬೇಕಾದ ರಕ್ಷಣಾಶಕ್ತಿಯೇ ತಿರುಗಿಬಿದ್ದು ಕೀಲಿನ ಒಳಪೊರೆಯನ್ನು ಕೆಡಿಸುವ ರೋಗ ಇದು. ಎರಡೂ ಕೈಗಳ ಸಣ್ಣ ಕೀಲುಗಳು ಊದುತ್ತವೆ. ಬೆಳಗಿನ ಬಿಗಿತ ಗಂಟೆಗಿಂತ ಹೆಚ್ಚು ಹೊತ್ತು ನಿಲ್ಲುತ್ತದೆ. ಮೂರನೆಯದು ಗೌಟ್. ರಕ್ತದಲ್ಲಿ ಯೂರಿಕ್ ಆಮ್ಲ ಹೆಚ್ಚಿ, ಹರಳುಕಟ್ಟಿ, ಸಾಮಾನ್ಯವಾಗಿ ಕಾಲಿನ ಹೆಬ್ಬೆರಳಿನ ಬುಡದಲ್ಲಿ ರಾತ್ರಿಯ ಹೊತ್ತು ಬೆಂಕಿಯಿಟ್ಟಂತೆ ಉರಿಯುತ್ತದೆ. ನಮ್ಮ ಹಿಂದಿನ ವೈದ್ಯರೂ ಎಲ್ಲವನ್ನೂ ಒಂದೇ ಗಂಟಿಗೆ ಕಟ್ಟಿರಲಿಲ್ಲ. ಚರಕಸಂಹಿತೆಯಲ್ಲಿ ವಾತರಕ್ತಕ್ಕೆ ಬೇರೆಯ ಅಧ್ಯಾಯವೇ ಉಂಟು. ಮಾಧವಕರನ ನಿದಾನಗ್ರಂಥದಲ್ಲಿ ಆಮವಾತವನ್ನು ಪ್ರತ್ಯೇಕವಾಗಿ ವಿವರಿಸಿದೆ. ಎಲ್ಲವನ್ನೂ ‘ವಾಯು’ ಎಂಬ ಒಂದೇ ಮಾತಿನಲ್ಲಿ ಮುಗಿಸುವವರು ನಾವು, ಶಾಸ್ತ್ರಕಾರರಲ್ಲ.

ಹೀಗೆ ರೋಗ ಬೇರೆಬೇರೆಯಾದ ಮೇಲೆ ಆಹಾರವೂ ಬೇರೆಯಾಗಲೇಬೇಕು. ನಮ್ಮ ಕಾಲೇಜಿನ ಉಪನ್ಯಾಸಕರೊಬ್ಬರು ಮಂಗಳೂರು ಕಡೆಯವರು. ‘ಬೂತಾಯಿ ತಿನ್ನುವವರಿಗೆ ಕೀಲುನೋವು ಹತ್ತಿರ ಸುಳಿಯದು’ ಎಂದು ನಗೆಯಾಡುತ್ತಾರೆ. ಮಾತಿನಲ್ಲಿ ಅರ್ಧ ಸತ್ಯವಿದೆ. ಬೂತಾಯಿ, ಬಂಗುಡೆ ಮುಂತಾದ ಎಣ್ಣೆಮೀನುಗಳಲ್ಲಿ ಒಮೇಗಾ-3 ಎಂಬ ಕೊಬ್ಬಿನ ಅಂಶವಿದ್ದು ಅದು ಉರಿಯೂತವನ್ನು ತಗ್ಗಿಸುತ್ತದೆ. ದಿನಕ್ಕೆ ಸುಮಾರು 3 ಗ್ರಾಂನಂತೆ ಕೆಲವು ತಿಂಗಳು ಮೀನೆಣ್ಣೆಯಾಗಿ ಕೊಟ್ಟ ಪ್ರಯೋಗಗಳಲ್ಲಿ ರುಮಟಾಯ್ಡ್ ರೋಗಿಗಳ ನೋವೂ ಬೆಳಗಿನ ಬಿಗಿತವೂ ಅಷ್ಟಿಷ್ಟು ಇಳಿದುದು ಕಂಡುಬಂದಿದೆ. ಆದರೆ ಅದೇ ಬೂತಾಯಿಯಲ್ಲಿ ಪ್ಯೂರಿನ್ ಎಂಬ ದ್ರವ್ಯವೂ ಹೇರಳ. ಅದು ಮೈಯಲ್ಲಿ ಯೂರಿಕ್ ಆಮ್ಲವಾಗಿ ಮಾರ್ಪಡುತ್ತದೆ. ಆಮವಾತದವನಿಗೆ ಹಿತವಾದ ಮೀನು ಗೌಟಿನವನ ರಾತ್ರಿಯ ನಿದ್ದೆಯನ್ನು ಕೆಡಿಸಬಹುದು. ಮೀನು ತಿನ್ನದವರು ಏನು ಮಾಡಬೇಕು? ಗದಗಿನ ಕಡೆಯ ನನ್ನ ಕೋಣೆಯ ಗೆಳೆಯ ಊರಿನಿಂದ ತರುವ ಅಗಸಿ ಹಿಂಡಿಯಲ್ಲಿ ಅದೇ ಜಾತಿಯ ಕೊಬ್ಬು ಉಂಟು. ಅದನ್ನು ಮೀನಿನ ಬಗೆಯ ಕೊಬ್ಬಾಗಿ ಬದಲಾಯಿಸುವ ಶಕ್ತಿ ನಮ್ಮ ಮೈಗೆ ಬಹಳ ಕಡಿಮೆ. ರೊಟ್ಟಿಯ ಜೊತೆ ಬಲು ರುಚಿಯೆಂಬುದನ್ನು ಮಾತ್ರ ನಾನು ಸಂದೇಹವಿಲ್ಲದೆ ಹೇಳಬಲ್ಲೆ.

ಗೌಟಿನವರಿಗೆ ಬೇಳೆಕಾಳು ಕೂಡದೆಂದು ಬಹುಕಾಲ ಹೇಳುತ್ತಿದ್ದರು. 2004ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನದಲ್ಲಿ 47,150 ಗಂಡಸರ ಆಹಾರವನ್ನು ಹನ್ನೆರಡು ವರ್ಷ ಗಮನಿಸಿದರು. ಮಾಂಸ, ಮೀನುಗಳನ್ನು ಹೆಚ್ಚು ತಿಂದವರಲ್ಲಿ ಗೌಟ್ ಹೆಚ್ಚಿತ್ತು. ಕಾಳು, ತರಕಾರಿಗಳ ಪ್ಯೂರಿನ್‌ನಿಂದ ಹಾಗೆ ಆಗಿರಲಿಲ್ಲ. ಕೊಬ್ಬು ಕಡಿಮೆಯಾದ ಹಾಲು ಮೊಸರುಗಳನ್ನು ಬಳಸಿದವರಲ್ಲಿ ರೋಗ ಕಡಿಮೆಯೇ ಇತ್ತು. ‘ಮಜ್ಜಿಗೆ ವಾಯು’ ಎಂದು ಲೋಟ ಕಸಿದುಕೊಳ್ಳುವ ಹಿರಿಯರಿಗೆ ಇದನ್ನು ತಿಳಿಸಬಹುದು. ಬಿಯರ್ ಮಾತ್ರ ಗೌಟಿಗೆ ನಿಶ್ಚಯವಾಗಿ ಶತ್ರು.

ಇನ್ನು ಅರಿಶಿನ. ಇದರ ಕೀರ್ತಿಯನ್ನು ನಾನು ಹೊಸದಾಗಿ ಹಾಡಬೇಕಾಗಿಲ್ಲ. ಅರಿಶಿನದ ಬಣ್ಣಕ್ಕೂ ಗುಣಕ್ಕೂ ಕಾರಣವಾದ ಕರ್ಕ್ಯುಮಿನ್ ಎಂಬ ದ್ರವ್ಯವನ್ನು 1815ರಲ್ಲಿಯೇ ಯೂರೋಪಿನ ರಸಾಯನ ಶಾಸ್ತ್ರಜ್ಞರು ಬೇರ್ಪಡಿಸಿದರು. ಅದು ಉರಿಯೂತವನ್ನು ತಗ್ಗಿಸುತ್ತದೆಂಬುದೂ ಮೊಣಕಾಲಿನ ಸವೆತದ ನೋವಿನಲ್ಲಿ ಸ್ವಲ್ಪ ಉಪಶಮನ ಕೊಡುತ್ತದೆಂಬುದೂ ಪ್ರಯೋಗಗಳಲ್ಲಿ ಕಂಡಿದೆ. ಆದರೆ ಲೆಕ್ಕವನ್ನು ನೋಡಿ. ಅರಿಶಿನದ ಪುಡಿಯಲ್ಲಿ ಕರ್ಕ್ಯುಮಿನ್ ಇರುವುದು ನೂರಕ್ಕೆ ಸುಮಾರು 3 ಪಾಲು. ಒಂದು ಚಮಚ, ಅಂದರೆ 3 ಗ್ರಾಂ ಪುಡಿಯಲ್ಲಿ 90 ಮಿಲಿಗ್ರಾಂ ಆಯಿತು. ಪ್ರಯೋಗಗಳಲ್ಲಿ ಕೊಟ್ಟುದು ಹೆಚ್ಚಾಗಿ ದಿನಕ್ಕೆ 1000 ಮಿಲಿಗ್ರಾಂನ ಆಸುಪಾಸು. ನಾವು ಹಾಲಿಗೆ ಹಾಕುವುದು ಚಿಟಿಕೆ! ಅದರ ಮೇಲೆ, ಹೊಟ್ಟೆಗೆ ಹೋದ ಕರ್ಕ್ಯುಮಿನ್ ರಕ್ತಕ್ಕೆ ಸೇರುವುದು ಅತ್ಯಲ್ಪ. ಇಲ್ಲಿ ನಮ್ಮ ಬೆಂಗಳೂರಿನ ಒಂದು ಸಂಶೋಧನೆಯನ್ನು ನೆನೆಯಬೇಕು. ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನವರು 1998ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ 2 ಗ್ರಾಂ ಕರ್ಕ್ಯುಮಿನ್ ಜೊತೆಗೆ ಮೆಣಸಿನ ಖಾರದ ಸತ್ವವಾದ ಪಿಪರಿನ್ 20 ಮಿಲಿಗ್ರಾಂ ಕೊಟ್ಟಾಗ ಮನುಷ್ಯರಲ್ಲಿ ಅದರ ಹೀರಿಕೆ ಇಪ್ಪತ್ತು ಪಟ್ಟು ಹೆಚ್ಚಿತು. ಅಷ್ಟು ಪಿಪರಿನ್ ಎಂಟು ಹತ್ತು ಕಾಳುಮೆಣಸಿನಲ್ಲಿ ದೊರೆಯುತ್ತದೆ. ಸಾರಿನ ಪುಡಿ ಮಾಡುವಾಗ ನಮ್ಮ ಹೆಂಗಸರು ಇವೆರಡನ್ನೂ ಒಟ್ಟಿಗೆ ಕುಟ್ಟುತ್ತಿದ್ದುದನ್ನು ನೆನೆದು ನಾನು ಹಿಗ್ಗಿದೆ. ಆಮೇಲೆ ತಿಳಿಯಿತು, ಅತ್ಯಲ್ಪವಾದುದರ ಇಪ್ಪತ್ತು ಪಟ್ಟೂ ಸಹ ಅಲ್ಪವೇ. ಹಾಗೆಂದು ಅಂಗಡಿಯಲ್ಲಿ ದೊರೆಯುವ ಗಟ್ಟಿ ಸತ್ವದ ಮಾತ್ರೆಗಳನ್ನು ಮನಸೋ ಇಚ್ಛೆ ನುಂಗುವುದೂ ತರವಲ್ಲ. ಅವುಗಳಿಂದ ಪಿತ್ತಜನಕಾಂಗಕ್ಕೆ ಕೆಡುಕಾದ ವರದಿಗಳಿವೆ. ರಕ್ತ ಹೆಪ್ಪುಗಟ್ಟದಂತೆ ಔಷಧ ತೆಗೆದುಕೊಳ್ಳುವವರಂತೂ ವೈದ್ಯರನ್ನು ಕೇಳದೆ ಮುಟ್ಟಬಾರದು.

ಶುಂಠಿಯ ವಿಷಯದಲ್ಲಿ 2001ರಲ್ಲಿ ಪ್ರಕಟವಾದ ಒಂದು ಪ್ರಯೋಗ ನನಗೆ ಬಹಳ ಹಿಡಿಸಿತು. ಮೊಣಕಾಲು ಸವೆದ 247 ಮಂದಿಯಲ್ಲಿ ಕೆಲವರಿಗೆ ಶುಂಠಿಯ ಸತ್ವವನ್ನೂ ಕೆಲವರಿಗೆ ಏನೂ ಗುಣವಿಲ್ಲದ ಹುಸಿಮದ್ದನ್ನೂ ಕೊಟ್ಟರು. ಯಾವುದು ಯಾರಿಗೆಂದು ರೋಗಿಗೂ ತಿಳಿಯದು. ಕೊನೆಗೆ ಶುಂಠಿ ತಿಂದವರಲ್ಲಿ ನೂರಕ್ಕೆ 63 ಮಂದಿ ಎದ್ದು ನಿಂತಾಗಿನ ನೋವು ಇಳಿಯಿತೆಂದರು. ಹುಸಿಮದ್ದು ತಿಂದವರಲ್ಲಿ ಹಾಗೆಂದವರು ನೂರಕ್ಕೆ 50! ಶುಂಠಿಯ ಸ್ವಂತ ಸಂಪಾದನೆ ಈ ಹದಿಮೂರು ಮಾತ್ರ. ಉಳಿದುದು ನಂಬಿಕೆಯದೋ, ನೋವಿನ ಸಹಜವಾದ ಏರಿಳಿತದ್ದೋ ಆಗಿರಬೇಕು. ‘ನನಗೆ ಗುಣವಾಯಿತು’ ಎಂದು ಒಬ್ಬರು ಆಣೆಯಿಟ್ಟು ಹೇಳಿದಾಗ ಅವರು ಸುಳ್ಳು ಹೇಳುತ್ತಿಲ್ಲ. ಆದರೆ ಮದ್ದಿನಿಂದಲೇ ಗುಣವಾಯಿತೆಂದು ಅದರಿಂದ ಸಿದ್ಧವಾಗುವುದಿಲ್ಲ.

ಮೊಣಕಾಲಿನ ಸವೆತಕ್ಕೆ ಆಹಾರದಿಂದ ಆಗುವ ದೊಡ್ಡ ಉಪಕಾರ ತಿನ್ನುವುದರಲ್ಲಿಲ್ಲ, ಹಿಡಿತದಲ್ಲಿದೆ. ತೂಕ ಹೆಚ್ಚಾದವರು ಒಂದು ಕಿಲೋ ಇಳಿಸಿದರೆ ಪ್ರತಿ ಹೆಜ್ಜೆಯಲ್ಲೂ ಮೊಣಕಾಲಿನ ಮೇಲೆ ಬೀಳುವ ಭಾರ ಸುಮಾರು ನಾಲ್ಕು ಕಿಲೋ ಇಳಿಯುತ್ತದೆಂದು 2005ರಲ್ಲಿ ಅಳೆದು ತೋರಿಸಿದ್ದಾರೆ. ಇದಕ್ಕೆ ಕಷಾಯ ಬೇಕಿಲ್ಲ. ಆದುದರಿಂದಲೇ ಇದನ್ನು ಯಾರೂ ಹೇಳುವುದಿಲ್ಲ.

ಈಗ ನಮ್ಮ ಸೀಮೆಯ ಮಾತಿಗೆ ಬರುತ್ತೇನೆ. ನಮ್ಮ ಮನೆಯ ಹಿಂದಿನ ಬೀದಿಯಲ್ಲಿ ಒಬ್ಬ ತಾತ ಇದ್ದ. ಕತ್ತು ತಿರುಗಿಸಬೇಕಾದರೆ ಇಡೀ ಮೈಯನ್ನೇ ತಿರುಗಿಸುತ್ತಿದ್ದ. ನೆಲಕ್ಕೆ ಬಿದ್ದ ಬೀಡಿಯನ್ನು ಬಗ್ಗಿ ಎತ್ತಿಕೊಳ್ಳಲಾರ. ಎಲ್ಲರೂ ವಾಯು ಎಂದರು. ಅದು ವಾಯುವಲ್ಲ, ನೀರು. ಪಾವಗಡದ ಕಡೆಯ ಕೊಳವೆಬಾವಿಗಳ ಅನೇಕ ನೀರಿನಲ್ಲಿ ಫ್ಲೋರೈಡ್ ಅಂಶ ಮಿತಿಮೀರಿದೆ. ಒಂದು ಲೀಟರಿಗೆ 1.5 ಮಿಲಿಗ್ರಾಂ ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಮಕ್ಕಳ ಹಲ್ಲು ಕಂದುಗಟ್ಟುತ್ತವೆ. ಅಂಶ ಇನ್ನೂ ಹೆಚ್ಚಿದ್ದರೆ ಕಾಲಕ್ರಮದಲ್ಲಿ ಎಲುಬು ಕೀಲುಗಳು ಬಿಗಿಯುತ್ತವೆ. ಇಂತಹ ನೀರನ್ನು ಕಾಯಿಸಿದರೆ ಶುದ್ಧವಾಗುವುದೆಂದು ನಾವು ತಿಳಿದಿದ್ದೆವು. ಕಾಯಿಸಿದಾಗ ಆವಿಯಾಗುವುದು ನೀರು, ಫ್ಲೋರೈಡ್ ಅಲ್ಲ. ನಾಲ್ಕು ಲೋಟವನ್ನು ಒಂದು ಲೋಟಕ್ಕೆ ಇಳಿಸಿದ ಅಜ್ಜಿಯ ಕಷಾಯ ನೆನಪಾಗಿ ನನ್ನ ಎದೆ ಧಸಕ್ಕೆಂದಿತು. ಲೀಟರಿಗೆ 1.5 ಇದ್ದುದು ಆ ಲೋಟದಲ್ಲಿ 6ಕ್ಕೆ ಏರಿರುತ್ತದೆ! ಕೀಲುನೋವಿಗೆಂದು ಕುಡಿದ ಮದ್ದಿನಲ್ಲಿಯೇ ಕೀಲುನೋವಿನ ಬೀಜ.

ಹುಣಿಸೆಹಣ್ಣಿನ ಸಂಗತಿ ಇದಕ್ಕಿಂತಲೂ ಸ್ವಾರಸ್ಯವಾಗಿದೆ. ಕೀಲುನೋವಿನವರಿಗೆ ಮೊದಲು ಬಿಡಿಸುವುದೇ ಹುಣಿಸೆ. ಆದರೆ ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯ ವಿಜ್ಞಾನಿಗಳು ಶಾಲೆಯ ಹುಡುಗರಿಗೆ ದಿನಕ್ಕೆ 10 ಗ್ರಾಂ ಹುಣಿಸೆಯನ್ನು 18 ದಿನ ಕೊಟ್ಟು ನೋಡಿದಾಗ ಮೂತ್ರದಲ್ಲಿ ಫ್ಲೋರೈಡ್ ಹೆಚ್ಚಾಗಿ ಹೊರಹೋದುದನ್ನು ಕಂಡು 2002ರಲ್ಲಿ ಪ್ರಕಟಿಸಿದರು. ಹೊಟ್ಟೆಗೆ ಸೇರುವ ಸುಣ್ಣದ ಅಂಶವೂ ಫ್ಲೋರೈಡನ್ನು ಅಷ್ಟಿಷ್ಟು ತಡೆಯುತ್ತದೆ. ನೂರು ಗ್ರಾಂ ರಾಗಿಯಲ್ಲಿ ಅದು 350 ಮಿಲಿಗ್ರಾಂನಷ್ಟಿದೆ. ರಾಗಿಮುದ್ದೆ ಹುಳಿಸಾರಿನ ಊಟ ನಮ್ಮ ಸೀಮೆಗೆ ಅನ್ಯಾಯವೇನೂ ಮಾಡಿಲ್ಲ. ಆದರೂ ನೀರನ್ನು ಬದಲಾಯಿಸದೆ ಹುಣಿಸೆಯೊಂದನ್ನೇ ನಂಬುವಂತಿಲ್ಲ. ಸ್ಫಟಿಕವನ್ನೂ ಸುಣ್ಣವನ್ನೂ ಹಾಕಿ ಫ್ಲೋರೈಡನ್ನು ತಳಕ್ಕೆ ಇಳಿಸುವ ‘ನಲ್ಗೊಂಡ ವಿಧಾನ’ವನ್ನು ನಾಗಪುರದ ಸಂಶೋಧನಾ ಸಂಸ್ಥೆ ರೂಪಿಸಿ ಕೊಟ್ಟಿದೆ, ಹಳ್ಳಿಗಳ ಶುದ್ಧ ನೀರಿನ ಘಟಕಗಳ ನೀರೂ ಆಗಬಹುದು.

ಅಜ್ಜಿಯ ಕಥೆ ಅಲ್ಲಿಗೆ ನಿಂತಿತ್ತು. ಕಷಾಯದಿಂದ ಹೆಚ್ಚು ಗುಣ ಕಾಣದಿರಲು, ಸಂತೆಗೆ ಬಂದವನೊಬ್ಬನು ‘ಬರೀ ಬೇರುನಾರಿನದು, ಏನೂ ತೊಂದರೆ ಇಲ್ಲ’ ಎಂದು ಒಂದು ಪುಡಿಯನ್ನು ಮಾರಿದನು. ಮೂರೇ ದಿನಕ್ಕೆ ಅಜ್ಜಿ ಎದ್ದು ಒಲೆಯ ಮುಂದೆ ಕುಳಿತಳು. ನಾವೆಲ್ಲ ಅವನನ್ನು ಕೊಂಡಾಡಿದೆವು. ಐದಾರು ತಿಂಗಳಲ್ಲಿ ಆಕೆಯ ಮುಖ ಚಂದ್ರನಂತೆ ದುಂಡಗೆ ಊದಿತು, ಸಕ್ಕರೆಕಾಯಿಲೆ ಕಾಣಿಸಿತು. ನಗರದ ವೈದ್ಯರು ಪುಡಿಯ ಪೊಟ್ಟಣವನ್ನು ನೋಡಿ, ಇಂತಹವುಗಳಲ್ಲಿ ಸ್ಟೀರಾಯ್ಡ್ ಬೆರೆಸುವುದುಂಟೆಂದೂ, ಆಕೆಯ ಲಕ್ಷಣಗಳು ಅದನ್ನೇ ಹೇಳುತ್ತವೆಂದೂ, ಒಮ್ಮೆಲೇ ನಿಲ್ಲಿಸಿದರೆ ಪ್ರಾಣಕ್ಕೇ ಅಪಾಯವೆಂದೂ ಹೇಳಿದರು. ರಕ್ತಪರೀಕ್ಷೆ ಮಾಡಿಸಿ ರೋಗ ರುಮಟಾಯ್ಡ್ ಎಂದರು. ‘ಬೆರಳು ಊದಿದ ಮೊದಲ ಕೆಲವು ತಿಂಗಳಲ್ಲಿಯೇ ಕರೆತಂದಿದ್ದರೆ ಇಷ್ಟು ಸೊಟ್ಟಗಾಗುತ್ತಿರಲಿಲ್ಲ. ಎರಡು ವರ್ಷ ಏನು ಮಾಡುತ್ತಿದ್ದಿರಿ?’ ಎಂದು ಕೇಳಿದರು. ನಾನು ಪತ್ರಿಕೆಯ ತುಣುಕುಗಳನ್ನು ಓದುತ್ತಿದ್ದೆನೆಂದು ಹೇಳಲು ಬಾಯಿ ಬರಲಿಲ್ಲ.

ಈಗ ಅಜ್ಜಿ ವಾರಕ್ಕೆ ಒಂದೇ ದಿನ ಮೆಥೊಟ್ರೆಕ್ಸೇಟ್ ಎಂಬ ಮಾತ್ರೆ ನುಂಗುತ್ತಾಳೆ. ದಿನವೂ ನುಂಗಿದರೆ ಅದು ವಿಷ. ಆದುದರಿಂದ ಗೋಡೆಯ ಕ್ಯಾಲೆಂಡರಿನಲ್ಲಿ ಸೋಮವಾರಗಳಿಗೆಲ್ಲ ನಾನು ಕೆಂಪು ಗುರುತು ಹಾಕಿಟ್ಟಿದ್ದೇನೆ. ಊತ ಇಳಿದಿದೆ, ಬಾಗಿದ ಬೆರಳು ನೆಟ್ಟಗಾಗಿಲ್ಲ. ಶುಂಠಿ ಕಷಾಯವನ್ನು ಬಿಡಬೇಕೇ ಎಂದು ವೈದ್ಯರನ್ನು ಕೇಳಿದಾಗ ಅವರು ನಕ್ಕು, ‘ಮಾತ್ರೆ ಬಿಡಬೇಡಿ, ಕಷಾಯ ಕುಡಿಯಿರಿ’ ಎಂದರು. ಘಟಕದ ನೀರಿನಲ್ಲಿಯೇ, ಒಂದು ಕುದಿ ಬಂದೊಡನೆ ಇಳಿಸುತ್ತೇವೆ. ರಜಕ್ಕೆ ಊರಿಗೆ ಹೋದಾಗ ಶುಂಠಿ ಜಜ್ಜುವ ಕೆಲಸ ನನ್ನದು. ಗುಂಡುಕಲ್ಲು ಆಕೆಯ ಹಿಡಿತಕ್ಕೆ ಬರುವುದಿಲ್ಲ. ‘ಮೆಣಸು ಇನ್ನೆರಡು ಕಾಳು ಹಾಕೋ’ ಎಂದು ಒಳಗಿನಿಂದ ಕೂಗುತ್ತಾಳೆ.